ಸ್ಯಾಂಪಲ್ ಪಾಸ್, ಎರಕ ಫೇಲ್

ಪುಣೆ ಹತ್ತಿರದ ಭೋಸರಿಯ ಒಂದು ಸ್ಟೀಲ್ ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಒಂದೂವರೆ ಟನ್ ತೂಗುವ ಎರಕವೊಂದು ಗಿರಾಕಿ ಕಡೆಯಿಂದ ವಾಪಸ್ ಬಂತು. ಮೇಲಿನ ಫ್ಲೇಂಜಿಗೆ (ಬೋಲ್ಟ್ ಹಾಕುವ ಚಪ್ಪಟೆ ಅಂಚಿಗೆ) ತೂತು ಹೊಡೆಯುವಾಗ ಡ್ರಿಲ್ ಬಿಟ್ ಮುರಿದಿತ್ತಂತೆ. ಒಂದಲ್ಲ, ಮೂರು. ಮೂರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಜೊತೆಗಿದ್ದ ಚೀಟಿಯಲ್ಲಿ ‘ಮೆಟೀರಿಯಲ್ ರಾಂಗ್’ ಅಂತ ಎರಡೇ ಪದ.

ಆ ಸಲ ಕರಗಿಸಿದ ಲೋಹದ ಹೀಟ್ ರಿಪೋರ್ಟ್ ತೆಗೆದು ನೋಡಿದೆವು. ಸುರಿಯುವ ಮುಂಚೆ ಲ್ಯಾಡಲ್‌ನಿಂದ (ಕರಗಿದ ಲೋಹ ಹೊರುವ ಪಾತ್ರೆಯಿಂದ) ತೆಗೆದ ಸ್ಯಾಂಪಲ್, ಧಾತುಗಳ ಪ್ರಮಾಣ ಅಳೆಯುವ ಸ್ಪೆಕ್ಟ್ರೋದಲ್ಲಿ ಪಾಸಾಗಿತ್ತು. ಇಂಗಾಲ, ಮ್ಯಾಂಗನೀಸ್, ಗಂಧಕ, ರಂಜಕ ಎಲ್ಲ ಮಿತಿಯೊಳಗೆ. ಹಾಗಾದರೆ ತಪ್ಪು ಎಲ್ಲಿ? ಎರಕದ ಕೆಳತುದಿಯಿಂದ ಒಂದು ಚೂರು, ಮೇಲೆ ರೈಸರ್ (ಹೆಚ್ಚುವರಿ ಲೋಹ ತುಂಬಿಡುವ ಭಾಗ) ಕತ್ತರಿಸಿದ ಜಾಗದ ಕೆಳಗಿನಿಂದ ಒಂದು ಚೂರು ತೆಗೆದು ಮತ್ತೆ ನೋಡಿದೆವು. ಕೆಳಗಿನ ಚೂರಿನಲ್ಲಿ ಇಂಗಾಲ ಲ್ಯಾಡಲ್‌ಗಿಂತ ಕೊಂಚ ಕಮ್ಮಿ. ಮೇಲಿನದರಲ್ಲಿ ಜಾಸ್ತಿ, ಮಿತಿ ದಾಟುವಷ್ಟು ಜಾಸ್ತಿ. ಇಂಗಾಲ ಜಾಸ್ತಿಯಾದರೆ ಸ್ಟೀಲು ಗಡುಸು, ಡ್ರಿಲ್ ಮುರಿದದ್ದು ಅದಕ್ಕೇ. ಒಂದೇ ಲ್ಯಾಡಲ್, ಒಂದೇ ಸುರಿತ, ಒಂದೇ ಎರಕ. ಆದರೆ ಮೇಲೊಂದು ಸ್ಟೀಲು, ಕೆಳಗೊಂದು ಸ್ಟೀಲು.

ನಮ್ಮಲ್ಲಿ ವಿಜಯಪುರ ಕಡೆಯ ಹಿರಿಯ ಮೋಲ್ಡರ್ ಒಬ್ಬರಿದ್ದರು. ಮರಾಠಿಯವರೂ ನಾವೂ ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದೆವು. ಅವರು ಎರಡೂ ಚೂರನ್ನು ಅಂಗೈಲಿ ಹೊರಳಿಸಿ ನೋಡಿ, “ಕುದಿಯೋ ಮುಂದ ಸಾರು ಬರೊಬ್ಬರಿ ಇತ್ತರಿ ಸಾಹೇಬ್ರ. ಆರೂ ಮುಂದ ಏನೋ ಆಗೇತಿ” ಅಂದರು.

ಅವರ ಮಾತು ಪೂರ್ತಿ ಸರಿ. ಲೋಹ ಕರಗಿದಾಗ ಹಾಳಾಗುವುದಕ್ಕಿಂತ ಆರುವಾಗ ಹಾಳಾಗುವುದೇ ಹೆಚ್ಚು. ಆರುವುದು ಅಂದರೆ ಸುಮ್ನೆ ಗಟ್ಟಿಯಾಗಿ ಕೂರುವುದಲ್ಲ. ಆ ಹೊತ್ತಿನಲ್ಲಿ ಒಳಗೆ ದ್ರವ ಓಡಾಡುತ್ತಿರುತ್ತದೆ. ಆ ಓಡಾಟದ ಕಥೆ ಇದು.

ಮೊದಲ ಪಾಠ ಫ್ರೀಜರಿನಲ್ಲೇ ಸಿಗುತ್ತದೆ. ಕೋಕಂ ಶರಬತ್ತನ್ನು ಉದ್ದನೆಯ ಸ್ಟೀಲ್ ಲೋಟಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಪೂರ್ತಿ ಗಟ್ಟಿಯಾಗುವ ಮುಂಚೆ ಹೊರಗೆ ತೆಗೆಯಿರಿ. ಲೋಟದ ಗೋಡೆಗೆ ಹತ್ತಿದ ಮಂಜು ಪೇಲವ. ನಡುವೆ ಉಳಿದ ರಸ ಮಾತ್ರ ಕಡುಗೆಂಪು, ನಾಲಿಗೆಗಿಟ್ಟರೆ ಹುಳಿ, ಉಪ್ಪು, ಸಕ್ಕರೆ ಎಲ್ಲ ಜಾಸ್ತಿ. ನೀರು ಮಂಜಾಗುವಾಗ ತನ್ನ ಹರಳಿನೊಳಗೆ ಬೇರೆಯವರನ್ನು ಸೇರಿಸಿಕೊಳ್ಳುವುದಿಲ್ಲ. ಹೊರಗೆ ತಳ್ಳುತ್ತದೆ. ತಳ್ಳಿಸಿಕೊಂಡದ್ದೆಲ್ಲ ಉಳಿದ ರಸದಲ್ಲಿ ಸೇರುತ್ತಾ ಹೋಗುತ್ತದೆ.

ಮಿಶ್ರಲೋಹದಲ್ಲೂ ಹೀಗೇ, ಸ್ವಲ್ಪ ಉದಾರ ಅಷ್ಟೇ. ಅಲ್ಯೂಮಿನಿಯಂಗೆ ಶೇ. 4.5 ತಾಮ್ರ ಸೇರಿಸಿದ ಮಿಶ್ರಲೋಹ ತಗೊಳ್ಳಿ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಗಟ್ಟಿಯಾಗಿ ಮುಗಿಯುತ್ತದೆ. ಇದು ಸುಮಾರು 650ರಲ್ಲಿ ಶುರು ಮಾಡಿ, ಕೊನೆಯ ಹನಿ 548 ಡಿಗ್ರಿವರೆಗೂ ದ್ರವವಾಗಿಯೇ ಉಳಿಯುತ್ತದೆ. ಮೊದಲು ಹುಟ್ಟಿದ ಹರಳಿನಲ್ಲಿ ತಾಮ್ರ ಶೇ. 1ಕ್ಕೂ ಕಮ್ಮಿ. ಕೊನೆಯ ಹನಿಯಲ್ಲಿ ಶೇ. 33ರ ಹತ್ತಿರ! ನಾವು ಹಾಕಿದ್ದು 4.5. ಒಟ್ಟು ಲೆಕ್ಕ ಸರಿಯೇ ಇದೆ, ಆದರೆ ಯಾವ ಮೂಲೆಯಲ್ಲೂ 4.5 ಇಲ್ಲದೇ ಇರಬಹುದು.

ಇನ್ನೊಂದು ವಿಷಯ. ಎರಕದ ಒಳಗೆ ಗಟ್ಟಿ ಭಾಗಕ್ಕೂ ದ್ರವಕ್ಕೂ ನಡುವೆ ನೇರವಾದ ಗೋಡೆ ಇರುವುದಿಲ್ಲ. ಹರಳುಗಳು ಸರುವೆ ಮರದ ಹಾಗೆ ಬೆಳೆಯುತ್ತವೆ. ಒಂದು ಕಾಂಡ, ಅದಕ್ಕೆ ಅಡ್ಡ ಕೊಂಬೆ, ಕೊಂಬೆಗೆ ಮತ್ತೆ ಕೊಂಬೆ. ಇವಕ್ಕೆ ಡೆಂಡ್ರೈಟ್ ಅಂತ ಹೆಸರು, ಗ್ರೀಕಿನಲ್ಲಿ ಮರ ಅಂತಲೇ ಅರ್ಥ ಬರುವ ಪದದಿಂದ ಬಂದದ್ದು. ಮರಗಳ ಬುಡ ಗಟ್ಟಿ, ತುದಿ ದ್ರವದೊಳಗೆ, ನಡುವೆ ತೋಪು. ತೋಪಿನ ಸಂದಿಗಳಲ್ಲಿ ಇನ್ನೂ ಆರದ ರಸ. ಈ ಅರೆಗಟ್ಟಿ ಪದರವನ್ನು ಫೌಂಡ್ರಿಯವರು ಮಶಿ ಝೋನ್ ಅನ್ನುತ್ತಾರೆ. (ನಮ್ಮ ಒಲೆಯ ಮಸಿಗೂ ಇದಕ್ಕೂ ಸಂಬಂಧವಿಲ್ಲ. ಕಾಕಾ ಮಾತ್ರ ಬಹಳ ದಿನ ಸಂಬಂಧ ಇದೆ ಅಂತಲೇ ತಿಳಿದಿದ್ದರು.)

ಈ ಸಂದಿಯ ರಸ ಇದ್ದಲ್ಲೇ ಇದ್ದು ಇದ್ದಲ್ಲೇ ಆರಿದರೆ ದೊಡ್ಡ ತೊಂದರೆ ಇಲ್ಲ. ಕಾಂಡದಲ್ಲಿ ತಾಮ್ರ ಕಮ್ಮಿ, ಸಂದಿಯಲ್ಲಿ ಜಾಸ್ತಿ. ಈ ಏರುಪೇರು ಕೂದಲೆಳೆಯಷ್ಟು ದೂರದ್ದು. ಎರಕವನ್ನು ಕುಲುಮೆಯಲ್ಲಿಟ್ಟು ಗಂಟೆಗಟ್ಟಲೆ ಕಾಯಿಸಿದರೆ ಪರಮಾಣುಗಳು ತಾವೇ ನಡೆದು ಹೋಗಿ ಸಮ ಮಾಡಿಕೊಳ್ಳುತ್ತವೆ. ಆದರೆ ಆ ರಸ ಸಂದಿಗಳಿಂದ ಹೊರಟು ಅರ್ಧ ಅಡಿ ದೂರ ಹೋಗಿ ಕುಳಿತರೆ? ಆಗ ಕುಲುಮೆಯಿಂದ ಏನೂ ಆಗುವುದಿಲ್ಲ. ಲೆಕ್ಕ ನೋಡಿ. ಹೀಗೆ ನಡೆದು ಸಮವಾಗುವುದಕ್ಕೆ ಬೇಕಾದ ಸಮಯ ದೂರದ ವರ್ಗದ ಹಾಗೆ ಏರುತ್ತದೆ. 100 ಮೈಕ್ರಾನ್ ದೂರಕ್ಕೆ 10 ಗಂಟೆ ಅಂತ ಹಿಡಿಯಿರಿ. 1 ಸೆಂಟಿಮೀಟರ್ ಅಂದರೆ ಅದರ ನೂರು ಪಟ್ಟು ದೂರ. ಸಮಯ ಹತ್ತು ಸಾವಿರ ಪಟ್ಟು, ಅಂದರೆ 1,00,000 ಗಂಟೆ. ಹನ್ನೊಂದು ವರ್ಷ ದಾಟಿತು. ಸ್ಟೀಲಿನಲ್ಲಿ ಇಂಗಾಲದ ಪರಮಾಣು ಚಿಕ್ಕದು, ಚುರುಕಾಗಿ ನುಸುಳುತ್ತದೆ, ಅದಕ್ಕೆ ಸ್ವಲ್ಪ ರಿಯಾಯಿತಿ ಕೊಡಬಹುದು. ಮ್ಯಾಂಗನೀಸು, ರಂಜಕಕ್ಕೆ ಅದೂ ಇಲ್ಲ. ‘ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಸರಿ ಹೋಗುತ್ತೆ ಬಿಡಿ’ ಅನ್ನುವವರ ಮಾತನ್ನು ನಾನು ನಂಬದಿರುವುದು ಇದಕ್ಕೇ.

ರಸ ಯಾಕೆ ಹೊರಡುತ್ತದೆ? ಹಗುರವಾದ್ದು ಮೇಲೇಳುತ್ತದೆ, ಭಾರವಾದ್ದು ಇಳಿಯುತ್ತದೆ, ಅಷ್ಟೇ. ಪಾತ್ರೆಯಲ್ಲಿ ನೀರು ಕಾಯುವಾಗ ತಳದ ಬಿಸಿನೀರು ಏಳುತ್ತದಲ್ವಾ, ಹಾಗೆ. ಆದರೆ ಲೋಹದಲ್ಲಿ ತೂಕವನ್ನು ಬದಲಿಸುವವರು ಇಬ್ಬರು. ಒಬ್ಬ ಶಾಖ, ಇನ್ನೊಬ್ಬ ರಸದಲ್ಲಿ ಸೇರಿದ ಧಾತು. ತಣ್ಣಗಾದರೆ ರಸ ಭಾರ. ಹಗುರ ಧಾತು ಸೇರಿದರೆ ಅಥವಾ ಭಾರದ ಧಾತು ಕಳೆದುಹೋದರೆ ಹಗುರ. ಇಬ್ಬರ ಎಳೆದಾಟದಲ್ಲಿ ಬಹಳ ಸಲ ಗೆಲ್ಲುವವನು ಎರಡನೆಯವನೇ. ಅಲ್ಯೂಮಿನಿಯಂ ಮತ್ತು ತಾಮ್ರದಲ್ಲಿ ಸಂದಿಯ ರಸಕ್ಕೆ ತಾಮ್ರ ಸೇರಿ ಭಾರವಾಗುತ್ತದೆ. ತಳದಿಂದ ಮೇಲಕ್ಕೆ ಆರಿಸಿದರೆ ಅದು ಕೆಳಗೇ ಸುಮ್ಮನೆ ಕೂರುತ್ತದೆ. ಸ್ಟೀಲಿನಲ್ಲಿ ಉಲ್ಟಾ. ಇಂಗಾಲ, ಗಂಧಕ, ರಂಜಕ, ಸಿಲಿಕಾನ್ ಎಲ್ಲ ಕಬ್ಬಿಣಕ್ಕಿಂತ ಹಗುರ. ಇವೆಲ್ಲ ಸೇರಿದ ರಸ ಮೇಲಕ್ಕೆ ಹೊರಡುತ್ತದೆ.

ಇದನ್ನು ಕಣ್ಣಾರೆ ನೋಡಬೇಕು ಅನ್ನುವ ಹಟ ನನಗೆ ಹತ್ತಿತು. ಕರಗಿದ ಸ್ಟೀಲಿನೊಳಗೆ ಇಣುಕಲಾಗುವುದಿಲ್ಲ. ಆದರೆ ಲೋಹದ ಹಾಗೇ ಕೊಂಬೆ ಬಿಟ್ಟು ಹರಳಾಗುವ, ಆದರೆ ಪಾರದರ್ಶಕವಾದ ದ್ರವಗಳಿವೆ. ಅದರಲ್ಲಿ ಅಗ್ಗದ್ದು ನಮ್ಮ ನವಸಾಗರದ ನೀರು. ಕಲಾಯಿ ಹಾಕುವವರು ಬಿಸಿ ತಪ್ಪಲೆಗೆ ಚಿಟಿಕೆ ಎರಚಿದಾಗ ಬುಸ್ಸನೆ ಬಿಳಿ ಹೊಗೆ ಏಳುತ್ತದಲ್ಲ, ಅದೇ ನವಸಾಗರ, ಅಮೋನಿಯಂ ಕ್ಲೋರೈಡ್. ಮರಾಠಿಯಲ್ಲೂ ಅದೇ ಹೆಸರು. ಪುಣೆಯ ಕಸಬಾ ಪೇಠೆಯಲ್ಲಿ ತಾಂಬಟ್ ಆಳಿ ಅಂತ ಇದೆ, ಪೇಶ್ವೆಗಳ ಕಾಲದಿಂದ ತಾಮ್ರದ ಪಾತ್ರೆ ತಟ್ಟುವವರ ಓಣಿ. ಅದರ ಹತ್ತಿರದ ಅಂಗಡಿಯಲ್ಲಿ ಅರ್ಧ ಕಿಲೋ ಕೇಳಿದೆ. ‘ಇಷ್ಟೊಂದು ಯಾಕೆ, ಎಷ್ಟು ಪಾತ್ರೆ ಇದೆ ಮನೆಯಲ್ಲಿ’ ಅಂತ ಅಂಗಡಿಯವರು ನಕ್ಕರು.

200 ಮಿಲಿಲೀಟರ್ ಬಿಸಿನೀರಿಗೆ 80 ಗ್ರಾಂ ಹಾಕಿ ಕಲಕಿದೆ. ಕರಗುವಾಗ ಅದು ನೀರಿನ ಬಿಸಿಯನ್ನೇ ಹೀರಿಕೊಳ್ಳುತ್ತದೆ, ಹಾಗಾಗಿ ಇನ್ನೊಂದು ಸಲ ಬೆಚ್ಚಗೆ ಮಾಡಬೇಕಾಯಿತು. ಬಟ್ಟೆಯಲ್ಲಿ ಸೋಸಿ ಉದ್ದನೆಯ ತೆಳು ಗಾಜಿನ ಲೋಟಕ್ಕೆ ಸುರಿದೆ. ಒಂದು ತಟ್ಟೆಯಲ್ಲಿ ಐಸ್ ಪುಡಿ, ಅದಕ್ಕೆ ಎರಡು ಮುಷ್ಟಿ ಕಲ್ಲುಪ್ಪು. ಲೋಟವನ್ನು ಅದರ ಮೇಲೆ ಕೂರಿಸಿ, ಹಿಂದೆ ಕಪ್ಪು ಕಾಗದ ಇಟ್ಟು, ಪಕ್ಕದಿಂದ ಮೊಬೈಲ್ ಟಾರ್ಚ್ ಬಿಟ್ಟೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಳದಲ್ಲಿ ಬಿಳಿ ಪದರ. ಪದರದಿಂದ ಗರಿಗಳ ಹಾಗೆ ಹರಳುಗಳು ಎದ್ದವು. ಗರಿಗಳ ಮೇಲಿಂದ ಸಣ್ಣ ಸಣ್ಣ ಎಳೆಗಳು ಏಳತೊಡಗಿದವು. ಬಣ್ಣವಿಲ್ಲ, ಬರೀ ಮಿಣುಗು. ಮೇ ತಿಂಗಳ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಗಾಳಿ ಕುಣಿಯುತ್ತದಲ್ಲ, ಹಾಗೆ. ಇಲ್ಲಿ ಒಂದು ಕ್ಷಣ ನಿಲ್ಲಿ. ತಳ ತಣ್ಣಗಿದೆ, ಮೇಲೆ ಬೆಚ್ಚಗಿದೆ. ಶಾಖದ ಲೆಕ್ಕದಲ್ಲಿ ತಳದ ದ್ರವ ಅಲ್ಲಾಡಲೇಬಾರದು. ಆದರೂ ತಣ್ಣನೆಯ ದ್ರವ ಮೇಲೇಳುತ್ತಿದೆ! ಯಾಕೆಂದರೆ ನವಸಾಗರವೆಲ್ಲ ಹರಳಾಗಿ ಕಳೆದುಹೋಗಿ ಉಳಿದದ್ದು ಸಪ್ಪೆ ನೀರು. ಸಪ್ಪೆ ನೀರು ತಣ್ಣಗಿದ್ದರೂ ಹಗುರ.

ಇನ್ನೂ ಸ್ವಲ್ಪ ಹೊತ್ತು ಕಾದೆ. ನೂರಾರು ಎಳೆಗಳಿದ್ದದ್ದು ಕಮ್ಮಿಯಾದವು. ಬದಲಿಗೆ ಗರಿಗಳ ತೋಪಿನಲ್ಲಿ ಅಲ್ಲೊಂದು ಇಲ್ಲೊಂದು ತೂತು ಕಂಡಿತು, ಗದ್ದೆ ಬದುವಿನಲ್ಲಿ ಏಡಿ ಬಿಲ ಇರುವ ಹಾಗೆ. ಒಂದೊಂದು ಬಿಲದಿಂದಲೂ ಒಂದೊಂದು ದಪ್ಪ ಎಳೆ ನೆಟ್ಟಗೆ ಏಳುತ್ತಿತ್ತು. ತೂತಿನ ಬಾಯಿಗೆ ಹರಳಿನ ಅಂಚು ಕಟ್ಟಿ ಪುಟ್ಟ ಜ್ವಾಲಾಮುಖಿಯ ಹಾಗೆ ಕಾಣುತ್ತಿತ್ತು. ಈ ಬಿಲಗಳಿಗೆ ಚಿಮಣಿ ಅನ್ನುತ್ತಾರೆ.

ಚಿಮಣಿ ಯಾಕೆ ಹುಟ್ಟುತ್ತದೆ ಅನ್ನುವುದೇ ಈ ಇಡೀ ವಿಷಯದ ತಿರುಳು. ಶಾಖ ಬೇಗ ಹರಡುತ್ತದೆ, ಕರಗಿದ ವಸ್ತು ನಿಧಾನ. ಈ ನೀರಿನಲ್ಲಿ ಶಾಖದ ವೇಗ ನೂರು ಪಟ್ಟಿನ ಆಸುಪಾಸು ಹೆಚ್ಚು. ಕರಗಿದ ಲೋಹದಲ್ಲಂತೂ ಸುಮಾರು ಹತ್ತು ಸಾವಿರ ಪಟ್ಟು. ಈಗ ತಳದಿಂದ ಒಂದು ಸಪ್ಪೆ ಹನಿ ಸಂದಿಯೊಳಗೆ ಮೇಲೇರುತ್ತದೆ ಅಂದುಕೊಳ್ಳಿ. ಅದು ಹೋಗುತ್ತಿರುವುದು ಬೆಚ್ಚಗಿನ ಕಡೆಗೆ. ಅಕ್ಕಪಕ್ಕದ ಬಿಸಿಯನ್ನು ತಕ್ಷಣ ಪಡೆದುಕೊಳ್ಳುತ್ತದೆ. ಆದರೆ ತನ್ನ ಸಪ್ಪೆತನವನ್ನು ಬಿಟ್ಟುಕೊಡುವುದಿಲ್ಲ, ಅದಕ್ಕೆ ಪುರುಸೊತ್ತೇ ಇಲ್ಲ. ಬೆಚ್ಚಗಿನ ಸಪ್ಪೆ ನೀರು ಏನು ಮಾಡುತ್ತದೆ? ಪಕ್ಕದ ಹರಳನ್ನು ಕರಗಿಸುತ್ತದೆ. ದಾರಿ ಅಗಲವಾಯಿತು. ಅಗಲವಾದ ದಾರಿಗೆ ಇನ್ನಷ್ಟು ರಸ ನುಗ್ಗಿತು. ಅದು ಇನ್ನಷ್ಟು ಹರಳು ತಿಂದಿತು. ಕೆರೆ ಏರಿಯ ಏಡಿ ಬಿಲದಲ್ಲಿ ನೀರು ಜಿನುಗಿ, ಜಿನುಗಿದ್ದು ಮಣ್ಣು ಕೊರೆದು, ಕೊನೆಗೆ ಏರಿಯೇ ಒಡೆಯುವುದನ್ನು ಕಂಡವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಒಂದು ಕಡೆ ದಾರಿಯಾದ ಮೇಲೆ ಅಕ್ಕಪಕ್ಕದ ರಸವೆಲ್ಲ ಅತ್ತಲೇ ಹರಿಯುತ್ತದೆ. ಅದಕ್ಕೇ ನೂರು ಎಳೆ ಹೋಗಿ ನಾಲ್ಕು ಚಿಮಣಿ ಉಳಿದದ್ದು. ಎಲ್ಲ ಆರಿದ ಮೇಲೂ ಚಿಮಣಿಯ ಗುರುತು ಹೋಗುವುದಿಲ್ಲ. ಧಾತು ತುಂಬಿದ ರಸ, ಮುರಿದ ಕೊಂಬೆ ಚೂರುಗಳು ಅಲ್ಲೇ ಗಟ್ಟಿಯಾಗಿ, ಸುತ್ತಲಿನ ಲೋಹಕ್ಕಿಂತ ಬೇರೆಯೇ ಆದ ಒಂದು ಎಳೆ ಉಳಿಯುತ್ತದೆ.

ಈ ಎಳೆಯ ಭಯ ಅತಿ ಹೆಚ್ಚಾಗಿ ಕಾಡಿದ್ದು ವಿಮಾನದ ಎಂಜಿನ್ ಮಾಡುವವರನ್ನು. ಟರ್ಬೈನಿನ ಬ್ಲೇಡುಗಳನ್ನು ನಿಕ್ಕಲ್ ಮಿಶ್ರಲೋಹದಲ್ಲಿ, ತಳದಿಂದ ಮೇಲಕ್ಕೆ ನಿಧಾನವಾಗಿ ಆರಿಸಿ ಮಾಡುತ್ತಾರೆ. ಅಚ್ಚಿನ ತಳಕ್ಕೆ ನೀರು ಹರಿಸಿ ತಂಪಾಗಿಟ್ಟ ತಾಮ್ರದ ತಟ್ಟೆ. ಬಿಸಿ ಕುಲುಮೆಯಿಂದ ಅಚ್ಚನ್ನು ಮೆಲ್ಲಗೆ ಕೆಳಗೆ ಇಳಿಸುತ್ತಾರೆ. ಇಡೀ ಬ್ಲೇಡು ಒಂದೇ ಹರಳಾಗಬೇಕು. ಲಕ್ಷಣವಾಗಿ ನನ್ನ ಲೋಟದ್ದೇ ಏರ್ಪಾಡು. ಈ ಲೋಹದಲ್ಲಿ ಟಂಗ್‌ಸ್ಟನ್, ರೀನಿಯಂ ಎಂಬ ಭಾರದ ಧಾತುಗಳು ಮೊದಲ ಹರಳಿಗೇ ಸೇರಿಬಿಡುತ್ತವೆ. ಅಲ್ಯೂಮಿನಿಯಂ, ಟೈಟೇನಿಯಂ ಎಂಬ ಹಗುರದವು ರಸದಲ್ಲಿ ಉಳಿಯುತ್ತವೆ. ರಸ ಹಗುರ, ಚಿಮಣಿ ಸಿದ್ಧ. ಬ್ಲೇಡಿನ ಮೈಮೇಲೆ ಸಣ್ಣ ಹರಳುಗಳ ಸಾಲು ಮಚ್ಚೆಗಳ ಹಾಗೆ ಕಾಣಿಸುತ್ತದೆ. ಹೆಸರೂ ಅದೇ, ಫ್ರೆಕಲ್. ಮುಖದ ಮೇಲಾದರೆ ಚಂದ, ಬ್ಲೇಡಿನ ಮೇಲಾದರೆ ಗುಜರಿ. ಬಿರುಕು ಶುರುವಾಗುವುದೇ ಅಂಥ ಜಾಗದಲ್ಲಿ.

1970ರಲ್ಲಿ ಅಮೆರಿಕದ ಕಾಪ್ಲಿ, ಜಿಯಾಮೆ ಮತ್ತು ಜೊತೆಗಾರರು ಈ ಮಚ್ಚೆಗಳ ಮೂಲವನ್ನು ವಿವರಿಸಿದರು. ಅವರು ತೋರಿಸಿದ್ದೂ ನವಸಾಗರದ ನೀರಿನಲ್ಲೇ! ತಾಂಬಟ್ ಆಳಿಯ ಪೊಟ್ಟಣಕ್ಕೂ ಜೆಟ್ ಎಂಜಿನ್ನಿಗೂ ಇಂಥ ನಂಟಿದೆ ಅಂತ ತಿಳಿದ ದಿನ ನನಗೆ ಬಹಳ ಖುಷಿಯಾಗಿತ್ತು. ಅದೇ ಹೊತ್ತಿಗೆ ಎಂಐಟಿಯಲ್ಲಿ ಮರ್ಟನ್ ಫ್ಲೆಮಿಂಗ್ಸ್ ಮತ್ತು ಅವರ ಜೊತೆಗಾರರು ಸಂದಿಯ ರಸದ ಹರಿವಿಗೆ ಗಣಿತ ಕಟ್ಟಿದರು. ಅವರು ಬಳಸಿದ ಸೂತ್ರ ಇನ್ನೂ ಹಳೆಯದು. 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿ ಮರಳಿನ ಮೂಲಕ ನೀರು ಎಷ್ಟು ಬೇಗ ಇಳಿಯುತ್ತದೆ ಅಂತ ಅಳೆದು ಬರೆದದ್ದು. ಮರಳಿನ ಕಣಗಳ ಜಾಗದಲ್ಲಿ ಲೋಹದ ಕೊಂಬೆಗಳು, ಅಷ್ಟೇ ವ್ಯತ್ಯಾಸ.

ಚಿಮಣಿ ಆಗುತ್ತದೋ ಇಲ್ಲವೋ ಅಂತ ಮೊದಲೇ ಹೇಳಲು ರೇಲಿ ಸಂಖ್ಯೆ ಅಂತ ಒಂದು ಅಳತೆ ಇದೆ. ಮೇಲೆ ತಳ್ಳುವ ಹಗುರತನ ಒಂದು ತಕ್ಕಡಿಯಲ್ಲಿ, ತಡೆಯುವ ಅಂಟು ಮತ್ತು ಇಕ್ಕಟ್ಟು ಇನ್ನೊಂದರಲ್ಲಿ. ಸಂಖ್ಯೆ ಒಂದು ಮಿತಿ ದಾಟಿದರೆ ಹರಿವು ಶುರು. ನಮ್ಮ ಕೈಗೆ ಸಿಗುವುದು ಇಕ್ಕಟ್ಟು. ಕೊಂಬೆಗಳ ನಡುವಿನ ಅಂತರ ಅರ್ಧವಾದರೆ ರಸಕ್ಕೆ ಸಿಗುವ ಸಲೀಸು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂತರ ಕಮ್ಮಿ ಮಾಡಲು ಬೇಗ ಆರಿಸಬೇಕು. ಬ್ಲೇಡು ಮಾಡುವವರು ಶಾಖದ ಇಳಿಜಾರನ್ನು ಕಡಿದಾಗಿಸುವುದಕ್ಕೆ ಅಷ್ಟೆಲ್ಲ ಒದ್ದಾಡುವುದು ಇದಕ್ಕೇ. ಇನ್ನೊಂದು ಉಪಾಯ ರುಚಿಕರವಾಗಿದೆ. ಟ್ಯಾಂಟಲಮ್ ಭಾರದ ಧಾತು, ಆದರೆ ರಸದಲ್ಲೇ ಉಳಿಯುತ್ತದೆ. ಅದನ್ನು ಸೇರಿಸಿದರೆ ಏಳಲು ಹೊರಟ ರಸದ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ನಮ್ಮ ದೇಶದಲ್ಲಿ ರಕ್ಷಣಾ ಲೋಹ ಸಂಶೋಧನಾಲಯವಾದ ಹೈದರಾಬಾದಿನ ಡಿಎಂಆರ್‌ಎಲ್ ಒಂದೇ ಹರಳಿನ ಬ್ಲೇಡು ಮಾಡಿ, ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಬ್ಲೇಡುಗಳನ್ನು ಎಚ್‌ಎಎಲ್‌ಗೆ ಕೊಟ್ಟ ಸುದ್ದಿ 2021ರಲ್ಲಿ ಬಂತು.

ಸ್ಟೀಲಿಗೆ ಬರೋಣ. ದೊಡ್ಡ ಇಂಗಾಟುಗಳಲ್ಲಿ (ಅಚ್ಚಿನಲ್ಲಿ ಆರಿಸಿದ ಲೋಹದ ದಿಮ್ಮಿಗಳಲ್ಲಿ) ಆರುವುದು ಗೋಡೆಯಿಂದ ಒಳಕ್ಕೆ. ಹಗುರ ರಸ ಓರೆಯಾಗಿ ಮೇಲೇರುತ್ತದೆ. ಉದ್ದಕ್ಕೆ ಸೀಳಿದರೆ ಎರಡೂ ಕಡೆ ಓರೆ ಗೆರೆಗಳು, ಇಂಗ್ಲಿಷಿನ ಎ ಅಕ್ಷರದ ಎರಡು ಕಾಲಿನ ಹಾಗೆ. ನಟ್ಟನಡುವೆ ಕೊನೆಗೆ ಆರುವಾಗ ಲೋಹ ಕುಗ್ಗಿ ರಸವನ್ನು ಕೆಳಗೆ ಎಳೆಯುತ್ತದೆ, ಅಲ್ಲಿ ವಿ ಆಕಾರ. ತೇಲುತ್ತಿದ್ದ ಬಿಡಿ ಹರಳುಗಳು ತಳಕ್ಕೆ ಬಿದ್ದು ಗುಡ್ಡೆಯಾಗುತ್ತವೆ, ಅವು ಮೊದಲು ಹುಟ್ಟಿದವು, ಹಾಗಾಗಿ ತಳದಲ್ಲಿ ಇಂಗಾಲ ಕಮ್ಮಿ. ಇದನ್ನೆಲ್ಲ ಕಣ್ಣಿಗೆ ತೋರಿಸಲು ಹಳೆಯ ವಿಧಾನವೊಂದಿದೆ. ಫೋಟೋ ತೊಳೆಯುವ ಬ್ರೋಮೈಡ್ ಕಾಗದವನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿ, ನುಣ್ಣಗೆ ಉಜ್ಜಿದ ಸ್ಟೀಲಿನ ಮೇಲೆ ಒತ್ತಬೇಕು. ಗಂಧಕ ಎಲ್ಲೆಲ್ಲಿ ಸೇರಿದೆಯೋ ಅಲ್ಲೆಲ್ಲ ಕಂದು ಕಲೆ. ನಾವು ವಾಪಸ್ ಬಂದ ಎರಕದಿಂದ ಒಂದು ಹೋಳು ಕೊಯ್ದು ಹೀಗೆ ಮಾಡಿದೆವು. ಕಾಗದ ಬಿಡಿಸಿದಾಗ ಕೆಳಭಾಗ ಪೇಲವ. ರೈಸರಿನ ಕುತ್ತಿಗೆಯ ಕೆಳಗೆ ಚಹಾ ಚೆಲ್ಲಿದ ಹಾಗೆ ಕಂದು. ಮುರಿದ ಡ್ರಿಲ್ ಬಿಟ್ಟಿನ ತುಂಡೊಂದು ಆ ಕಲೆಯ ಅಂಚಿನಲ್ಲೇ ಸಿಕ್ಕಿಕೊಂಡಿತ್ತು.

ನಡೆದದ್ದು ಇಷ್ಟು. ಲೋಹ ಕುಗ್ಗಿದಾಗ ತುಂಬಿಕೊಡಲಿ ಅಂತ ಮೇಲೆ ರೈಸರ್ ಇಡುತ್ತೇವೆ. ಅಲ್ಲಿ ಬಿಸಿ ಹೆಚ್ಚು ಹೊತ್ತು ಇರುತ್ತದೆ. ಇಂಗಾಲ ತುಂಬಿದ ಹಗುರ ರಸವೆಲ್ಲ ಅತ್ತ ಸೇರಿತು. ಅಲ್ಲಿಯೇ ಆರಿದ್ದರೆ ರೈಸರ್ ಜೊತೆ ಕತ್ತರಿಸಿ ಎಸೆಯಬಹುದಿತ್ತು. ನಮ್ಮ ರೈಸರ್ ಗಿಡ್ಡದಾಗಿತ್ತು. ಎರಕ ಕುಗ್ಗುತ್ತಾ ಹೋದ ಹಾಗೆ ಅದೇ ರಸವನ್ನು ಮತ್ತೆ ಕೆಳಗೆಳೆದುಕೊಂಡಿತು. ಕೊನೆಯ ಹನಿ ಆರಿದ್ದು ಫ್ಲೇಂಜಿನ ಮೈಯೊಳಗೆ.

ಈ ಹರಿವನ್ನು ಪೂರ್ತಿ ಖಳನಾಯಕ ಮಾಡುವುದೂ ಸರಿಯಲ್ಲ. ಹರಿವು ಕೊಂಬೆಗಳನ್ನು ಕಡಿಯುತ್ತದೆ, ಕಡಿದ ಚೂರುಗಳೇ ಹೊಸ ಹರಳುಗಳ ಬೀಜ. ಹರಳಿನ ಕಾಳು ಸಣ್ಣದಾಗಲಿ ಅಂತ ಸ್ಟೀಲ್ ಕಾರ್ಖಾನೆಗಳಲ್ಲಿ ವಿದ್ಯುತ್ಕಾಂತದಿಂದ ಬೇಕಂತಲೇ ಕಲಕುತ್ತಾರೆ. ಇನ್ನು ಎಲ್ಲ ತೂತನ್ನೂ ಹರಿವಿನ ತಲೆಗೆ ಕಟ್ಟಬೇಡಿ. ಚಾಕಣದ ಅಲ್ಯೂಮಿನಿಯಂ ಎರಕದವರು ಮಳೆಗಾಲದಲ್ಲಿ ಬೈದುಕೊಳ್ಳುವುದು ಹೈಡ್ರೋಜನ್ನನ್ನು. ತೇವದಿಂದ ಕರಗಿದ ಲೋಹಕ್ಕೆ ಸೇರಿದ ಹೈಡ್ರೋಜನ್, ಲೋಹ ಗಟ್ಟಿಯಾಗುವಾಗ ಉಳಿಯಲು ಜಾಗವಿಲ್ಲದೆ ಗುಳ್ಳೆಯಾಗುತ್ತದೆ. ಅದು ಬೇರೆಯೇ ಕಥೆ.

ಧ್ರುವದ ಸಮುದ್ರದಲ್ಲಿ ಇದೇ ನಾಟಕ ತಲೆಕೆಳಗಾಗಿ ನಡೆಯುತ್ತದೆ. ಮಂಜು ಮೇಲಿಂದ ಕೆಳಕ್ಕೆ ಕಟ್ಟುತ್ತದೆ, ತಳ್ಳಿಸಿಕೊಂಡ ಉಪ್ಪುನೀರು ಭಾರವಾಗಿ ಮಂಜಿನೊಳಗೆ ಚಿಮಣಿ ಕೊರೆದುಕೊಂಡು ಕೆಳಗಿಳಿಯುತ್ತದೆ. ಭೂಮಿಯ ನಡುವಿನ ಕಬ್ಬಿಣ ಆರುವಾಗ ಹೊರಬೀಳುವ ಹಗುರ ಧಾತುಗಳ ಏರಾಟ, ಭೂಮಿಯ ಅಯಸ್ಕಾಂತ ಶಕ್ತಿಯನ್ನು ನಡೆಸುವುದರಲ್ಲಿ ದೊಡ್ಡ ಪಾಲು ಪಡೆದಿದೆ.

ನಮ್ಮ ಫ್ಲೇಂಜಿಗೆ ಏನು ಮಾಡಿದೆವು? ನಾನು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಹಾಕಿ, ರೈಸರ್ ಎತ್ತರ ಏರಿಸಿ, ಅದಕ್ಕೆ ಬಿಸಿ ಕಾಯುವ ಸ್ಲೀವ್ ತೊಡಿಸಿ ಚಿತ್ರ ಬರೆದಿದ್ದೆ. ಕಾಕಾಗೆ ಲೋಟದ ಪ್ರಯೋಗವನ್ನು ಮೊಬೈಲಿನಲ್ಲಿ ತೋರಿಸಿದೆ. ಎರಡು ಸಲ ನೋಡಿದರು. “ಹಗೂರಿದ್ದದ್ದು ಮ್ಯಾಲ ಹೊಕ್ಕೈತಿ ಅಂದ್ರ, ತೂತು ಹೊಡಿಯೂ ಮಾರಿ ಮ್ಯಾಲ ಯಾಕ ಇಡೂದು? ಬೋರಲ ಹಾಕೂಣ” ಅಂದರು. ಪ್ಯಾಟರ್ನ್, ಅಂದರೆ ಅಚ್ಚು ಒತ್ತುವ ಮಾದರಿ, ತಲೆಕೆಳಗಾಯಿತು. ಡ್ರಿಲ್ ಹೊಡೆಯುವ ಮುಖ ಡ್ರ್ಯಾಗಿನ (ಅಚ್ಚಿನ ಕೆಳ ಅರ್ಧದ) ಕಡೆಗೆ, ಅದರಡಿ ಬೇಗ ಆರಲಿ ಅಂತ ಚಿಲ್ ಅನ್ನುವ ಕಬ್ಬಿಣದ ತುಂಡುಗಳು. ರೈಸರ್ ಇನ್ನೊಂದು ಮುಖದ ಮೇಲೆ ಬಂತು. ಎತ್ತರದ ರೈಸರ್, ಸ್ಲೀವ್ ಎರಡನ್ನೂ ಉಳಿಸಿಕೊಂಡೆವು.

ಮುಂದಿನ ಎರಕ ಗಿರಾಕಿ ಬಳಿಗೆ ಹೋಯಿತು. ಚೀಟಿ ಬರಲಿಲ್ಲ. ಒಂದು ಶನಿವಾರ ಕಾಕಾ ಬಂದು, “ಆ ನವಸಾಗರ ಉಳದೈತೇನ್ರಿ?” ಅಂತ ಕೇಳಿದರು. ಮನೆಯಲ್ಲಿ ಎರಡು ಹಂಡೆ, ಒಂದು ತಪ್ಪಲೆ ಕಲಾಯಿಗೆ ಬಂದಿದ್ದವಂತೆ. ಮುನ್ನೂರು ಗ್ರಾಂ ಮೇಲೇ ಇತ್ತು, ಕೊಟ್ಟೆ.